ಮೂರನೆಯ ರಕ್ಷಾಪುಟದ ಲೆಕ್ಕ

ಶಿರಸಿಯಿಂದ ನಾವು ಹೊರತರುತ್ತಿರುವ ಸಣ್ಣ ಮಾಸಪತ್ರಿಕೆಯ ಮೂರನೆಯ ರಕ್ಷಾಪುಟದಲ್ಲಿ, ಅಂದರೆ ಹಿಂದಿನ ರಕ್ಷಾಪುಟದ ಒಳಬದಿಯಲ್ಲಿ, 2019ರ ಮಳೆಗಾಲದವರೆಗೆ ಅಡಿಕೆ ಸುಲಿಯುವ ಯಂತ್ರದ ಜಾಹೀರಾತು ಬರುತ್ತಿತ್ತು. ಆ ಪುಟ, ನೆರೆಯಂಥ ಕಷ್ಟಕ್ಕೆ ಸಿಕ್ಕವರಿಗಾಗಿ ಓದುಗರು ಕೊಡುವ ನಿಧಿಯ ಜಮಾ-ಖರ್ಚಿಗೆ ಮೀಸಲಾಗಿ ಈಗ ವರ್ಷಗಳೇ ಕಳೆದಿವೆ. ಜಾಹೀರಾತು ಕೊಡುತ್ತಿದ್ದವರು ಸ್ವಲ್ಪ ಕಾಲ ಮುನಿಸಿಕೊಂಡಿದ್ದು ನಿಜ, ಪತ್ರಿಕೆಗೆ ನಷ್ಟವಾದದ್ದೂ ನಿಜ. ಆದರೆ ಓದುಗರು ಇಂದಿಗೂ ಹಣ ಕಳಿಸುತ್ತಿರುವುದು ನನ್ನ ಸಂಪಾದಕೀಯಗಳನ್ನು ಮೆಚ್ಚಿ ಅಲ್ಲ, ಆ ಒಂದು ಪುಟವನ್ನು ನೋಡಿ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ.

2019ರ ಆಗಸ್ಟ್ ಮೊದಲ ವಾರದಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲೂಕಿನ ನದಿದಂಡೆಯ ಊರುಗಳು ಮುಳುಗಿದವು. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ನದಿಯ ಕೆಳದಂಡೆಯಲ್ಲೂ ಅದೇ ಸ್ಥಿತಿಯಾಯಿತು. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟದ ಮನವಿ ಹಾಕಿದೆವು. ‘ಕೈಲಾದ ನೆರವು ಕಳಿಸಿ’ ಎಂದಷ್ಟೇ ಬರೆದದ್ದು ನಮ್ಮ ಮೊದಲ ತಪ್ಪು. ಹತ್ತು ದಿನಗಳೊಳಗೆ ಬಸ್ಸಿನ ಪಾರ್ಸೆಲ್‌ಗಳಲ್ಲಿ ಹಳೆಯ ಬಟ್ಟೆಯ ಮೂಟೆಗಳು ಬಂದು ಕಚೇರಿಯ ಬಾಗಿಲನ್ನೇ ಮುಚ್ಚಿದವು. ಬಿಚ್ಚಿ ನೋಡಿದರೆ ಉಣ್ಣೆಯ ಸ್ವೆಟರುಗಳು, ಗುಂಡಿ ಕಿತ್ತ ಅಂಗಿಗಳು, ಒಂದು ಮೂಟೆಯ ತಳದಲ್ಲಿ ಜೊತೆಯಿಲ್ಲದ ಎಡಗಾಲಿನ ಚಪ್ಪಲಿ. ಒಳ್ಳೆಯದನ್ನು ಆರಿಸಿ ದೇವಿಮನೆ ಘಟ್ಟ ಇಳಿಸಲು ಕೊಟ್ಟ ವಾಹನದ ಬಾಡಿಗೆಯಲ್ಲಿ ಹೊಸ ಸೀರೆಗಳನ್ನೇ ಕೊಳ್ಳಬಹುದಿತ್ತು. ಅಂದಿನಿಂದ ವಸ್ತುರೂಪದ ನೆರವನ್ನು ನಾವು ಸ್ವೀಕರಿಸಿಲ್ಲ.

ಆ ಊರುಗಳಲ್ಲಿ ಓಡಾಡಿದಾಗ ಜನ ಮೊದಲು ತೋರಿಸುತ್ತಿದ್ದದ್ದು ಬಿದ್ದ ಗೋಡೆಯನ್ನಲ್ಲ, ಬಾವಿಯನ್ನು. ಹೊಳೆಯ ನೀರು ಶೌಚಾಲಯದ ಗುಂಡಿ, ಕೊಟ್ಟಿಗೆಗಳನ್ನೆಲ್ಲ ತೊಳೆದುಕೊಂಡು ಬಂದು ಬಾವಿಗಳಿಗೆ ಸೇರಿತ್ತು. ಪಂಪು ಹಚ್ಚಿ ನೀರು ಖಾಲಿ ಮಾಡಿಸಿ, ಹೂಳೆತ್ತಿಸಿ, ಬ್ಲೀಚಿಂಗ್ ಪೌಡರ್ ಹಾಕಿಸುವ ಕೆಲಸವನ್ನು ನಿಧಿಯಿಂದ ಕೈಗೆತ್ತಿಕೊಂಡೆವು. ಮೊದಲ ಬಾವಿಗೆ ನಾನೇ ಉತ್ಸಾಹದಲ್ಲಿ ಬೊಗಸೆಗಟ್ಟಲೆ ಪುಡಿ ಸುರಿದೆ. ವಾಸನೆ ತಾಳಲಾರದೆ ಮನೆಯವರು ಎರಡು ದಿನ ಹೊಳೆಯ ನೀರನ್ನೇ ಕಾಯಿಸಿ ಕುಡಿದರು. ಆಮೇಲೆ ಆರೋಗ್ಯ ಕಾರ್ಯಕರ್ತೆಯೊಬ್ಬರು ಲೆಕ್ಕ ಕಲಿಸಿದರು. ಸಾಮಾನ್ಯವಾಗಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಸಾಕು, ನೀರು ತೀರ ಕೊಳಕಾಗಿದ್ದರೆ ಪರೀಕ್ಷೆ ಮಾಡಿ ಹೆಚ್ಚಿಸಬೇಕು. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 28 ಸಾವಿರ ಲೀಟರು, ಬೇಕಾದ ಪುಡಿ 70 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಪುಡಿಯಲ್ಲಿರುವ ಸುಣ್ಣ ತಳದಲ್ಲಿ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗಿಳಿಸಿ, ಕೊಡದಿಂದ ನೀರನ್ನು ಚೆನ್ನಾಗಿ ಕದಡಿ, ಕನಿಷ್ಠ ಒಂದು ಗಂಟೆ ಬಿಡಬೇಕು. ನನ್ನ ಬೊಗಸೆಯ ಕತೆಯನ್ನೂ ಈ ಲೆಕ್ಕವನ್ನೂ ಒಟ್ಟಿಗೇ ಅಚ್ಚು ಹಾಕಿದೆವು. ಒಂದು ಬಾವಿಗೆ ತಗಲುವ ವೆಚ್ಚವೆಷ್ಟೆಂದು ಓದುಗರಿಗೆ ಅಚ್ಚಿನಲ್ಲಿ ಕಂಡದ್ದೇ ಆಗ. ನಿವೃತ್ತ ಶಿಕ್ಷಕಿಯೊಬ್ಬರು ‘ಅರ್ಧ ಬಾವಿ ನನ್ನದಿರಲಿ’ ಎಂದು ಕಾರ್ಡು ಬರೆದರು. ಅಲ್ಲಿಂದ ಮುಂದೆ ನಮ್ಮ ನಿಧಿಯ ಅಳತೆಯೇ ಬಾವಿಯಾಯಿತು.

ಕಾಗದಪತ್ರಗಳ ವಿಷಯದಲ್ಲಿ ನಾವು ಹಿಂದುಳಿದಿದ್ದೆವು. ಮೊದಲ ಕೆಲವು ತಿಂಗಳು ಹಣವೆಲ್ಲ ಚಂದಾ ಹಣದೊಂದಿಗೆ ಪತ್ರಿಕೆಯ ಖಾತೆಗೇ ಬೀಳುತ್ತಿತ್ತು. ಲೆಕ್ಕ ಪರಿಶೋಧಕರು ಪಾಸ್‌ಬುಕ್ ನೋಡಿ ತಲೆ ಚಚ್ಚಿಕೊಂಡ ಮೇಲೆ ಪ್ರತ್ಯೇಕ ಟ್ರಸ್ಟ್ ನೋಂದಾಯಿಸಿದೆವು. ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆಯ 80ಜಿ ವಿನಾಯಿತಿ ಬೇಕೆನ್ನುವವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡುವಂತಿರಲಿಲ್ಲ; 2021ರ ನಂತರ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕಾಯಿತು. ಇನ್ನೂರು-ಮುನ್ನೂರು ಕಳಿಸುವ ನಮ್ಮ ಹೆಚ್ಚಿನ ಓದುಗರಿಗೆ ಇದಾವುದೂ ಬೇಕಿರಲಿಲ್ಲವೆನ್ನಿ. ವಿದೇಶದ ಹಣದ ಸಂಗತಿ ಮಾತ್ರ ಬೇರೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಾಯಿತ ಪತ್ರಿಕೆಯ ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕ ಇವರಾರೂ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಟ್ರಸ್ಟ್ ಪಡೆಯಬೇಕಾದರೂ ಬೇರೆಯೇ ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ಹೊನ್ನಾವರ, ಭಟ್ಕಳದ ಓದುಗರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಬಹುದಿತ್ತು. ಅಮೆರಿಕದ ಪೌರತ್ವ ಪಡೆದ ಹಳೆಯ ಚಂದಾದಾರರೊಬ್ಬರ ದೊಡ್ಡ ಮೊತ್ತವನ್ನು ಮಾತ್ರ ಬೇಡವೆನ್ನಬೇಕಾಯಿತು. ಅವರಿಗೆ ಬೇಸರವಾಯಿತು, ನನಗೆ ಇನ್ನೂ ಹೆಚ್ಚು.

ಅಂಕೋಲೆಯ ನೆಲದಲ್ಲಿ ಪತ್ರಿಕೆಯೂ ಸೇವೆಯೂ ಜೊತೆಯಾಗಿ ನಡೆದದ್ದು ಹೊಸದಲ್ಲ. ‘ಜನಸೇವಕ’ ವಾರಪತ್ರಿಕೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದವರು. ಆ ಎತ್ತರ ನಮ್ಮದಲ್ಲ. ಆದರೂ ಅವರ ಉದಾಹರಣೆ ಮನಸ್ಸಿನಲ್ಲಿದ್ದುದರಿಂದಲೇ ಬಾವಿಗಳ ಜೊತೆಗೆ ನೆರೆಪೀಡಿತ ಮನೆಗಳ ಮಕ್ಕಳ ಕಾಲೇಜು ಶುಲ್ಕವನ್ನೂ ಸೇರಿಸಿದೆವು. ಮೊದಲ ವರ್ಷ ಒಂದು ಸಂಸ್ಥೆಗೆ ಒಟ್ಟು ಮೊತ್ತದ ಚೆಕ್ ಕೊಟ್ಟೆವು, ರಸೀದಿಗಾಗಿ ಎಂಟು ತಿಂಗಳು ಕಾದೆವು. ಆಮೇಲೆ ಮಗುವಿನ ಹೆಸರಿನ ಶುಲ್ಕದ ಚೀಟಿ ನೋಡದೆ ಹಣ ಕೊಟ್ಟಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ನನ್ನದೇ. ನೆರವು ಪಡೆದ ಹುಡುಗಿಯೊಬ್ಬಳ ಫೋಟೋವನ್ನು ಮನೆಯ ಕಷ್ಟದ ವಿವರಗಳೊಂದಿಗೆ ಅಚ್ಚು ಹಾಕಿದ್ದೆ. ಓದುಗರ ಕರುಳು ಕರಗಿತು; ಆ ತಿಂಗಳು ಬಂದಷ್ಟು ಹಣ ಹಿಂದೆಂದೂ ಬಂದಿರಲಿಲ್ಲ. ಮೂರನೆಯ ವಾರ ಅವಳ ತಂದೆ ಘಟ್ಟ ಹತ್ತಿ ಕಚೇರಿಗೆ ಬಂದರು. ನಾನು ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದವನಾದ್ದರಿಂದ ಜನ ಈಗಲೂ ‘ಮಾಸ್ತರರು’ ಎಂದೇ ಕರೆಯುತ್ತಾರೆ. ನಾಲ್ಕಾಗಿ ಮಡಿಸಿದ್ದ ನಮ್ಮ ಪತ್ರಿಕೆಯನ್ನೂ ನೋಟುಗಳನ್ನೂ ಮೇಜಿನ ಮೇಲಿಟ್ಟು, “ದುಡ್ಡು ನಾ ವಾಪಸ್ ಕೊಡ್ತೆ ಮಾಸ್ತರರೇ, ಫೋಟೋ ವಾಪಸ್ ಕೊಡೂಕೆ ನಿಮಗೆ ಆಗ್ತದಾ?” ಎಂದರು. ಆ ಪುಟ ಕಾಲೇಜಿನಲ್ಲಿ ಕೈಯಿಂದ ಕೈಗೆ ಹೋಗಿ, ಅವಳು ಒಂದು ವಾರದಿಂದ ತರಗತಿಗೆ ಹೋಗಿರಲಿಲ್ಲ. ನಾನು ಕ್ಷಮೆ ಕೇಳಿದೆ. ಹಣವನ್ನು ಅವರು ಮರಳಿ ತೆಗೆದುಕೊಳ್ಳಲೇ ಇಲ್ಲ.

ಅದಾದ ಮೇಲೆ ಕೊಟ್ಟವರ ಹೆಸರು, ಮೊತ್ತ, ಯಾವ ಅಂಗಡಿಗೆ, ಯಾವ ಕೆಲಸಕ್ಕೆ ಎಷ್ಟು ಸಂದಿತು ಎಂಬುದು ಪೈಸೆಪೈಸೆಯಾಗಿ ಅಚ್ಚಾಗುತ್ತದೆ; ಪಡೆದವರ ಊರು ಮಾತ್ರ ಇರುತ್ತದೆ, ಹೆಸರಿಲ್ಲ, ಮುಖವಿಲ್ಲ. ಮನವಿಗೆ ಬರುವ ಹಣ ಇದರಿಂದ ಕಡಿಮೆಯಾಯಿತು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳು ಕೊಚ್ಚಿಹೋದಾಗಲೂ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಜಾರಿದಾಗಲೂ ‘ಒಂದು ಫೋಟೋ ಹಾಕಿ, ಹಣ ಹರಿದುಬರುತ್ತದೆ’ ಎಂದು ಹಿತೈಷಿಗಳು ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು, ನಾವು ಹಾಕಲಿಲ್ಲ.

ಈಗ ಬಾವಿ ಕೆಲಸವನ್ನು ನೆರೆಗೆ ಕಾಯದೆ, ನೀರು ತಳ ಕಾಣುವ ಏಪ್ರಿಲ್-ಮೇ ತಿಂಗಳಿನಲ್ಲೇ ಮಾಡಿಸುತ್ತೇವೆ. ಈ ಸಲದ ಎರಡು ಬಾವಿಗಳ ಪಂಪಿನ ಬಾಡಿಗೆಯ ಬಿಲ್ಲು ಇನ್ನೂ ಕೈಸೇರಿಲ್ಲ. ಆ ಸಾಲಿನ ಮುಂದೆ ಮೊತ್ತ ಬರೆಯದೆ ಖಾಲಿ ಬಿಟ್ಟೇ ಪುಟವನ್ನು ನಿನ್ನೆ ಅಚ್ಚಿಗೆ ಕಳಿಸಿದ್ದೇನೆ.