ಮಳೆಗಾಲದಲ್ಲಿ ಮುಚ್ಚಿದ ತಗ್ಗು ಹೇಗೆ ನಿಂತಿತು

"ಮಳಿ ಒಳಗ ತಗ್ಗು ಮುಚ್ಚಿದ್ರ ನಿಲ್ಲಂಗಿಲ್ಲ, ರೊಕ್ಕ ನೀರಾಗ ಹೋಗತೈತಿ" ಎಂದು ಈ ಕೆಲಸ ಬಲ್ಲವರೇ ಹೇಳುತ್ತಿದ್ದರು. ಅಣ್ಣಿಗೇರಿ, ನವಲಗುಂದ ಕಡೆಯ ಎರೆಮಣ್ಣಿನಲ್ಲಿ ನಾನು ಮುಚ್ಚಿದ ಹನ್ನೊಂದು ರಸ್ತೆ ತಗ್ಗುಗಳಲ್ಲಿ ಒಂಬತ್ತು ಎರಡು ಮಳೆಗಾಲ ದಾಟಿವೆ.

ಮೊದಲು ಕೈಕೊಟ್ಟ ಮಾಲುಗಳ ಮಾತು. ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಮೊದಲ ಮಳೆಗೇ ಕೊಚ್ಚಿಹೋಯಿತು. ಅದರೊಳಗಿನ ಖಡಿ ರಸ್ತೆ ತುಂಬ ಚೆಲ್ಲಿ, ತಿರುವಿನಲ್ಲಿ ಬೈಕಿನ ಮುಂದಿನ ಗಾಲಿ ಜಾರತೊಡಗಿತು. ತಗ್ಗಿಗಿಂತ ಅದೇ ಕೆಟ್ಟದ್ದು. ಕಾಂಕ್ರೀಟ್ ಹಾಕಿದರೆ ವಾರಗಟ್ಟಲೆ ಗಾಡಿ ತಡೆಯಲಾಗದು, ಹಸಿಯಲ್ಲೇ ಅಂಚು ಒಡೆಯಿತು. ಒಂದು ತಗ್ಗಿಗೆ ಐದಾರು ನೂರು, ಅದೂ ಒಂದೇ ಮಳೆಗಾಲಕ್ಕೆ ಮೂರು ಸಲ!

ಕೋಲ್ಡ್ ಮಿಕ್ಸ್, ಅಂದರೆ ಕಾಯಿಸದೆ ಹಾಕುವ, ಚೀಲದಲ್ಲಿ ಬರುವ ಡಾಂಬರು-ಖಡಿ ಮಾಲು, ಅದು ಕೂಡ ಮೊದಲ ಸಲ ಕಿತ್ತುಬಂತು. ತಪ್ಪು ಮಾಲಿನದಲ್ಲ, ತಳದ್ದು. ಸುತ್ತಲಿನ ಸಡಿಲ ಡಾಂಬರನ್ನು ಹಾರೆ, ಉಳಿಗಳಿಂದ ಗಟ್ಟಿ ಭಾಗ ಸಿಗುವವರೆಗೆ ನೆಟ್ಟಗೆ ಕಡಿಯಬೇಕು. ಅಂಚು ಇಳಿಜಾರಾದರೆ ತೆಳು ಪದರ ಮೊದಲು ಕೀಳುತ್ತದೆ. ತಳದಲ್ಲಿ ಎರೆ ಕಂಡರೆ ಇನ್ನು ಆರು ಇಂಚು ತೋಡಿ ಗರಸು ತುಂಬಿ ಧಮ್ಮಸು ಹೊಡೆಯಿರಿ. ಗರಸಿನ ಜಾಗ ಅದೊಂದೇ. ನೀರು ನಿಲ್ಲುವಲ್ಲಿ ರಸ್ತೆ ಬದಿಗೆ ಸಣ್ಣ ಕಾಲುವೆ ತೆಗೆಯದಿದ್ದರೆ ಎರೆ ಉಬ್ಬಿ ಎಲ್ಲವನ್ನೂ ಎತ್ತುತ್ತದೆ. ಹೋದ ಆ ಎರಡು ತಗ್ಗುಗಳಲ್ಲಿ ಆದದ್ದು ಇದೇ.

ಗೋಣಿಚೀಲದಿಂದ ನೀರು ಒರೆಸಿ, ತಳಕ್ಕೂ ಗೋಡೆಗೂ ಬ್ರಷ್ಷಿನಿಂದ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ತೆಳುವಾಗಿ ಹಚ್ಚಿ. ಹಚ್ಚಿದಾಗ ಅದು ಚಹಾದ ಕಂದು ಬಣ್ಣ. ಪೂರ್ತಿ ಕಪ್ಪಾಗುವವರೆಗೆ ಕಾಯಿರಿ. ಬಿಸಿಲಿದ್ದರೆ ಇಪ್ಪತ್ತು ನಿಮಿಷ, ಮೋಡವಿದ್ದರೆ ಗಂಟೆಯೂ ಆದೀತು. ಕಂದು ಇರುವಾಗಲೇ ಮಾಲು ಸುರಿದರೆ ಅದು ಹಿಡಿಯದೆ ಸರಿಯುತ್ತದೆ. ಇಳಿಜಾರಿನಲ್ಲಿ ಎಮಲ್ಷನ್ ಹರಿಯದಂತೆ ನಾನು ಅದಕ್ಕೊಂದು ಪುಡಿ ಬೆರೆಸುತ್ತೇನೆ. ಅದರ ಅಳತೆ ನನ್ನಲ್ಲೇ ಇರಲಿ.

ಕೋಲ್ಡ್ ಮಿಕ್ಸ್‌ನ 25 ಕೆಜಿ ಚೀಲ ಎರಡು ಇಂಚು ದಪ್ಪಕ್ಕೆ ಎರಡೂವರೆ ಚದರ ಅಡಿ ಬರುತ್ತದೆ. ಎರಡಡಿ ಚೌಕದ, ನಾಲ್ಕಿಂಚು ಆಳದ ತಗ್ಗಿಗೆ ಕೆಳಗಿನ ಎರಡಿಂಚು ಖಡಿ, ಕಲ್ಲುಪುಡಿ. ಮೇಲೆ ಎರಡು ಚೀಲ. ಎಲ್ಲ ಸೇರಿ ನನಗೆ ಸಾವಿರದ ಮುನ್ನೂರು ರೂಪಾಯಿ ಆಸುಪಾಸು ಬಿತ್ತು. ಎರಡಿಂಚು ಬೇಕಿದ್ದರೆ ಎರಡೂವರೆ ಸುರಿದು, ಅಂಚಿನಿಂದ ನಡುವಿಗೆ ಧಮ್ಮಸು ಹೊಡೆಯಿರಿ.

ಬೈಕಿನವರಿಗಾಗಿ ಎರಡು ಮಾತು. ತೇಪೆ ರಸ್ತೆಗಿಂತ 5 ಮಿ.ಮೀ. ಮೀರಿ ಎದ್ದಿರಬಾರದು. ಗಾಡಿ ಓಡುವ ದಿಕ್ಕಿಗೇ ಉದ್ದಕ್ಕೆ ಏಣು ಉಳಿದರೆ ಗಾಲಿ ಅದಕ್ಕೆ ತಗುಲಿ ಪಕ್ಕಕ್ಕೆ ಎಳೆಯುತ್ತದೆ. ಹೊರಗೆ ಚೆಲ್ಲಿದ ಎಮಲ್ಷನ್ ಮಳೆಗೆ ಸಾಬೂನಿನಂತೆ ಜಾರುತ್ತದೆ, ಅದರ ಮೇಲೆ ಕಲ್ಲುಪುಡಿ ಉದುರಿಸಿ, ಬಿಡಿ ಖಡಿ ಗುಡಿಸಿ. ಚೌಕದ ಮೂಲೆ ಗಾಡಿ ಬರುವ ದಿಕ್ಕಿಗೆ ಇರುವಂತೆ ಓರೆಯಾಗಿಯೂ ಕಡಿದು ನೋಡಿದೆ. ಬಾಳಿಕೆ ಅಷ್ಟೇ, ಹೊಡೆತ ಮಾತ್ರ ಮೆತ್ತಗೆ.

ಮ್ಯಾನ್‌ಹೋಲ್ ಸುತ್ತ ಇದು ನಡೆಯಲಿಲ್ಲ. ಚೌಕಟ್ಟು ಅಲುಗುತ್ತಿದ್ದರೆ ಯಾವ ಮಾಲೂ ಬಿರಿಯುತ್ತದೆ, ಮೊದಲು ಅದನ್ನೇ ಎತ್ತಿ ಕಾಂಕ್ರೀಟಿನಲ್ಲಿ ಕೂರಿಸಬೇಕು.