ನಮ್ಮ ಫೌಂಡ್ರಿಯಲ್ಲಿ ಇಆರ್‌ಪಿ ಕೊನೆಗೂ ನೆಲೆಯೂರಿತು

'ಎರಡು ಫರ್ನೇಸ್‌ನ ಫೌಂಡ್ರಿಗೆ ಇಆರ್‌ಪಿ ಯಾಕೆ, ಟ್ಯಾಲಿ ಸಾಕಲ್ವಾ?' ಅಂತ ಬೆಳಗಾವಿಯ ಉದ್ಯಮಬಾಗದ ಗೆಳೆಯರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಫೌಂಡ್ರಿ ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ; ಇಆರ್‌ಪಿ ಅಂದರೆ ಸ್ಟಾಕ್, ಪ್ರೊಡಕ್ಷನ್, ಅಕೌಂಟ್ಸ್ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ಈಗ ಅವರೇ ನಮ್ಮ ಸ್ಟೋರ್‌ಗೆ ಬಂದು, ಅರ್ಧ ದಿನ ಕೂತು ನೋಡಿಕೊಂಡು ಹೋಗುತ್ತಾರೆ.

ಮೊದಲ ಸಲ, 2019ರಲ್ಲಿ, ಸುಮಾರು 7 ಲಕ್ಷ ನೀರಿಗೆ ಹೋಯಿತು. ರೆಡಿಮೇಡ್ ಪ್ಯಾಕೇಜ್ ತಂದಿದ್ದೆವು. ಅಕೌಂಟ್ಸ್, ಸ್ಟಾಕ್, ಪ್ರೊಡಕ್ಷನ್, ಪೇರೋಲ್ ಎಲ್ಲ ಒಂದೇ ದಿನ ಚಾಲೂ. ಐದು ತಿಂಗಳಾದ ಮೇಲೆ ಅದರಲ್ಲಿ ಬಿಲ್ ಪ್ರಿಂಟ್ ಮಾತ್ರ ತೆಗೆಯುತ್ತಿದ್ದೆವು. ಮೂಲ ತಪ್ಪು ಬಿಓಎಂನಲ್ಲಿತ್ತು, ಅಂದರೆ ಒಂದು ವಸ್ತು ಮಾಡಲು ಏನೇನು ಎಷ್ಟೆಷ್ಟು ಬೇಕು ಅನ್ನುವ ಪಟ್ಟಿಯಲ್ಲಿ. ಒಂದು ಕಾಸ್ಟಿಂಗ್‌ಗೆ (ಎರಕ ಹೊಯ್ದ ಭಾಗಕ್ಕೆ) ಇಷ್ಟು ಪಿಗ್ ಐರನ್ (ಕಚ್ಚಾ ಕಬ್ಬಿಣ), ಇಷ್ಟು ಸ್ಕ್ರ್ಯಾಪ್ ಅಂತ ನೇರವಾಗಿ ಬರೆದಿದ್ದರು. ಆದರೆ ನಾವು ಒಂದು ಹೀಟ್‌ನಲ್ಲಿ, ಅಂದರೆ ಫರ್ನೇಸ್‌ನಲ್ಲಿ ಒಂದು ಸಲ ಕರಗಿಸಿದ ಲೋಹದಲ್ಲಿ, ಏಳೆಂಟು ಪ್ಯಾಟರ್ನ್‌ನ (ಅಚ್ಚಿನ ಮಾದರಿಯ) ಕಾಸ್ಟಿಂಗ್ ತುಂಬುತ್ತೇವೆ. ರನ್ನರ್, ರೈಸರ್ (ಅಚ್ಚಿಗೆ ಲೋಹ ಹರಿದ ದಾರಿಯಲ್ಲಿ ಉಳಿದ ತುಂಡುಗಳು), ರಿಜೆಕ್ಷನ್ ಮತ್ತೆ ಫರ್ನೇಸ್‌ಗೇ ಹೋಗುತ್ತದೆ. ಆ ಲೆಕ್ಕ ಪ್ಯಾಕೇಜ್‌ಗೆ ಗೊತ್ತಿರಲಿಲ್ಲ, ಹಾಗಾಗಿ ತಿಂಗಳ ಕೊನೆಗೆ ಪಿಗ್ ಐರನ್ ಸ್ಟಾಕ್ ಮೈನಸ್ 11 ಟನ್ ತೋರಿಸಿತು! ಅಂದಿನಿಂದ ಯಾರೂ ಅದನ್ನು ನಂಬಲಿಲ್ಲ.

2022ರಲ್ಲಿ ಇಆರ್‌ಪಿನೆಕ್ಸ್ಟ್ ಅನ್ನುವ ಇಆರ್‌ಪಿ ಸಾಫ್ಟ್‌ವೇರ್ ಹಿಡಿದೆ. ಓಪನ್ ಸೋರ್ಸ್, ಲೈಸೆನ್ಸ್ ಖರ್ಚಿಲ್ಲ. ಸರ್ವರ್‌ಗೆ ತಿಂಗಳಿಗೆ ಹತ್ತಿರಹತ್ತಿರ 2 ಸಾವಿರ, ಪಾರ್ಟ್‌ಟೈಮ್ ಹುಡುಗನಿಗೆ ಮೊದಲ ವರ್ಷ ಒಂದೂವರೆ ಲಕ್ಷ. ಈ ಸಲ 'ಕರಗಿದ ಲೋಹ' ಅನ್ನುವುದನ್ನೇ ಒಂದು ಐಟಂ ಮಾಡಿದೆ, ಕೆಜಿ ಲೆಕ್ಕದಲ್ಲಿ. ಮೊದಲ ವರ್ಕ್ ಆರ್ಡರ್ ಹೀಟ್‌ಗೆ, ಎರಡನೆಯದು ಕಾಸ್ಟಿಂಗ್‌ಗೆ. ಕಾಸ್ಟಿಂಗ್ ಬಿಓಎಂನಲ್ಲಿ ರನ್ನರ್ ಸೇರಿಸಿ ಅಚ್ಚಿಗೆ ಹೊಯ್ಯುವ ಪೂರ್ತಿ ಲೋಹದ ತೂಕ. ಫೆಟ್ಲಿಂಗ್ (ರನ್ನರ್, ರೈಸರ್ ಕಡಿದು ಚೊಕ್ಕಟ ಮಾಡುವುದು) ಆದ ಮೇಲೆ ಮತ್ತೆ ಫರ್ನೇಸ್‌ಗೆ ಹೋಗುವ ರಿಟರ್ನ್ಸ್ ತೂಗಿ ಒಳಗೆ ತೆಗೆದುಕೊಳ್ಳುತ್ತೇವೆ. ಅದಕ್ಕೆ ಯಾವ ರೇಟ್ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಆ ಲೆಕ್ಕ ಸಿಗಲು ನನಗೆ ಎಂಟು ತಿಂಗಳು ಹಿಡಿಯಿತು.

ಅಕೌಂಟ್ಸ್ ಕೊನೆಗೆ ಇಟ್ಟೆ. ಮೊದಲು ವೇಬ್ರಿಡ್ಜ್ (ಲಾರಿ ತೂಗುವ ಕಡೆ) ಮತ್ತು ಸ್ಟೋರ್, ಅಷ್ಟೇ. ಸ್ಟೋರ್‌ನವರಿಗೆ ಐಟಂ ಹೆಸರು ಕನ್ನಡದಲ್ಲಿ ಹಾಕಿಕೊಟ್ಟ ಮೇಲೆ ತಪ್ಪು ಎಂಟ್ರಿ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು. ನೆಗೆಟಿವ್ ಸ್ಟಾಕ್ ಬಿಡಲೇಬಾರದು ಅಂತ ಹಠ ಹಿಡಿದೆ. ಎರಡು ವಾರ ಎಲ್ಲರೂ ಬೈದರು, ಡಿಸ್ಪ್ಯಾಚ್ ಕೂಡ ಎರಡು ಸಲ ನಿಂತಿತು. ಆದರೂ ಬಿಡಲಿಲ್ಲ.

ನಡುವೆ ಬಾರ್‌ಕೋಡ್ ಹುಚ್ಚು ಹಿಡಿದಿತ್ತು. ಸ್ಟಿಕ್ಕರ್ ಶಾಟ್ ಬ್ಲಾಸ್ಟಿಂಗ್‌ನಲ್ಲಿ (ಸಣ್ಣ ಲೋಹದ ಗುಂಡು ಹೊಡೆದು ಕಾಸ್ಟಿಂಗ್ ಚೊಕ್ಕಟ ಮಾಡುವಾಗ) ಒಂದು ನಿಮಿಷವೂ ಉಳಿಯಲಿಲ್ಲ. ಅಲ್ಯೂಮಿನಿಯಂ ಟ್ಯಾಗ್ ಕಟ್ಟಿ ನೋಡಿದೆವು, ಅದೂ ಹರಿದುಹೋಯಿತು. 40 ಸಾವಿರ ದಂಡ. ಈಗ ಹೀಟ್ ನಂಬರ್ ಕಾಸ್ಟಿಂಗ್ ಮೇಲೇ ಮೂಡುತ್ತದೆ, ಹುಡುಗರು ಅದನ್ನು ನೋಡಿ ಟೈಪ್ ಮಾಡುತ್ತಾರೆ. ತೂಕದ ಯಂತ್ರಕ್ಕೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಜೋಡಿಸಿದ್ದು ಮಾತ್ರ ಚೆನ್ನಾಗಿ ಫಲ ಕೊಟ್ಟಿತು. ತೂಕ ತಾನೇ ಬಂದು ಕೂರುತ್ತದೆ, ಯಾರೂ ತಿದ್ದಲು ಆಗುವುದಿಲ್ಲ.

ದೊಡ್ಡ ಲಾಭ ಬಂದದ್ದು ನಾನು ನೆನೆಸದ ಕಡೆಯಿಂದ. ಜಾಬ್‌ವರ್ಕ್‌ಗೆ, ಅಂದರೆ ಬೇರೆಯವರ ಮಷೀನ್ ಶಾಪ್‌ನಲ್ಲಿ ಕೆಲಸ ಮಾಡಿಸಲು, ಹೊರಗೆ ಹೋದ ಸುಮಾರು 1,100 ಕಾಸ್ಟಿಂಗ್ ವಾಪಸ್ ಬಂದೇ ಇರಲಿಲ್ಲ. ಜಿಎಸ್‌ಟಿಯಲ್ಲಿ ಕಚ್ಚಾ ಮಾಲಿಗೆ ಒಂದು ವರ್ಷದ ಗಡುವು, ದಾಟಿದರೆ ಅದು ಮಾರಾಟವೇ. ಕಳಿಸಿದ ಹತ್ತನೇ ತಿಂಗಳಲ್ಲಿ ಇಆರ್‌ಪಿಯಲ್ಲಿ ಸಿಕ್ಕಿಬಿತ್ತು, ಬಹುಪಾಲು ವಾಪಸ್ ತರಿಸಿದೆ. ಈಗ ಮೂರು ಮಷೀನ್ ಶಾಪ್‌ಗಳಿಗೂ ಲಾಗಿನ್ ಕೊಟ್ಟಿದ್ದೇನೆ. ಎರಡು ಕಡೆಯವರು ದಿನಾ ಎಂಟ್ರಿ ಹಾಕುತ್ತಾರೆ. ಮೂರನೆಯವರು ಇನ್ನೂ ವಾಟ್ಸಾಪ್‌ನಲ್ಲಿ ಚಲನ್ ಫೋಟೋ ಕಳಿಸುತ್ತಾರೆ, ರಾತ್ರಿ ಕೂತು ನಾನೇ ಹಾಕುತ್ತೇನೆ.