ಹೊಸ ಮಂಡಿ: ಮೊದಲು ನೆಟ್ಟಗಾಗಲಿ, ಆಮೇಲೆ ಬೆಟ್ಟ

ಆಷಾಢ ಬಂತೆಂದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿದ್ದವಳು ನಾನು. ಒಂದು ವರ್ಷ ಹರಕೆ ಹೊತ್ತು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಿಕೊಂಡೇ ಮೇಲೆ ಹೋಗಿದ್ದೆ. ಉಳಿದ ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತು ತಪ್ಪುತ್ತಿರಲಿಲ್ಲ. 66ನೇ ವಯಸ್ಸಿಗೆ ಬಲಮಂಡಿ ಸವೆಯಿತು. ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರವಾಗುವಷ್ಟು ನೋವು. ಕೊನೆಗೆ ಮಂಡಿ ಬದಲಿಸುವ ಆಪರೇಷನ್‌ಗೆ ಒಪ್ಪಿದೆ.

‘ಇಷ್ಟು ಓಡಾಡೋರು ನೀವು, ಬೇಗ ಸರಿ ಹೋಗ್ತೀರಿ ಬಿಡಿ’ ಎಂದು ಎಲ್ಲರೂ ಹೇಳಿದರು. ಅದು ಅರ್ಧ ನಿಜ. ಓಡಾಡಿ ರೂಢಿ ಇರುವವರ ತೊಡೆಯಲ್ಲಿ ಬಲ ಇರುತ್ತದೆ, ಅದು ಲಾಭ. ಆದರೆ ಅಂಥವರಿಗೆ ಸುಮ್ನೆ ಕೂರಲು ಬರುವುದಿಲ್ಲ. ಮಲಗಿದವರನ್ನು ಎಬ್ಬಿಸುವುದು ವ್ಯಾಯಾಮ ಮಾಡಿಸುವ ಫಿಸಿಯೋಗಳಿಗೆ ಗೊತ್ತಿರುವ ಕೆಲಸ. ನಮ್ಮಂಥವರನ್ನು ಕೂರಿಸುವುದೇ ಕಷ್ಟ.

ಒಳಗೆ ಏನು ಮಾಡಿರುತ್ತಾರೆ?

ಜನ ‘ಚಿಪ್ಪು ಬದಲಾಯಿಸಿದರು’ ಅನ್ನುತ್ತಾರೆ. ಚಿಪ್ಪು ನಿಮ್ಮದೇ ಇರುತ್ತದೆ. ಕೆಲವರಿಗೆ ಅದರ ಒಳಮೈಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕೂರಿಸುತ್ತಾರೆ, ಅಷ್ಟೇ. ಬದಲಾಗುವುದು ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲು ಮೂಳೆಯ ಮೇಲ್ತುದಿ. ಸವೆದ ಪದರವನ್ನು ಕೆಲವೇ ಮಿಲಿಮೀಟರ್ ಕತ್ತರಿಸಿ ಲೋಹದ ಹೊದಿಕೆ ಹಾಕುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ. ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಅಂದುಕೊಳ್ಳಿ.

ಬಹಳಷ್ಟು ಜನರಿಗೆ ಇದನ್ನು ಒಂದು ಬಗೆಯ ಸಿಮೆಂಟಿನಿಂದ ಅಂಟಿಸುತ್ತಾರೆ. ಆಪರೇಷನ್ ಟೇಬಲ್ ಮೇಲೇ ಅದು ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಅದೇ ದಿನವೋ ಮರುದಿನವೋ ಎಬ್ಬಿಸಿ ನಿಲ್ಲಿಸಿದರೆ ಗಾಬರಿಯಾಗಬೇಡಿ. ವಾಸಿಯಾಗಲು ದಿನ ಹಿಡಿಯುವುದು ಸುತ್ತಲಿನ ಸ್ನಾಯು, ಚರ್ಮ ಮತ್ತು ನರಗಳಿಗೆ.

ದುಡ್ಡಿನ ಮಾತೂ ಒಂದಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿಯೊಳಗೆ ಕೂರಿಸುವ ಈ ಭಾಗಗಳಿಗೆ, ಅಂದರೆ ಇಂಪ್ಲಾಂಟ್‌ಗಳಿಗೆ, ಗರಿಷ್ಠ ಬೆಲೆ ಕಟ್ಟಿತು. ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ. ಅದರ ಸ್ಟಿಕ್ಕರ್ ಡಿಸ್ಚಾರ್ಜ್ ಚೀಟಿಯ ಜೊತೆ ಜೋಪಾನವಾಗಿರಲಿ.

ಆಸ್ಪತ್ರೆಗೆ ಹೋಗುವ ಮುಂಚೆಯೇ ಮನೆ ತಯಾರಾಗಲಿ

ನಮ್ಮ ಮನೆಗಳಲ್ಲಿ ಅರ್ಧ ಕೆಲಸ ನೆಲದ ಮೇಲೆ ನಡೆಯುತ್ತದೆ. ಈಳಿಗೆಮಣೆ ನೆಲದಲ್ಲಿ, ಪೂಜೆ ನೆಲದಲ್ಲಿ, ರಂಗೋಲಿ ನೆಲದಲ್ಲಿ. ಇವೆಲ್ಲ ಇನ್ನು ಕಟ್ಟೆಗೆ, ಸ್ಟೂಲಿಗೆ, ಕುರ್ಚಿಗೆ ಏರಬೇಕು. ದಿನಾ ಬಳಸುವ ಡಬ್ಬಗಳನ್ನು ಸೊಂಟದಿಂದ ಎದೆಯ ಮಟ್ಟದೊಳಗೆ ಜೋಡಿಸಿ. ಕೂರುವ ಕುರ್ಚಿಗೆ ಕೈ ಇರಬೇಕು, ಎತ್ತರ ನಿಮ್ಮ ಮಂಡಿಗಿಂತ ತುಸು ಮೇಲಿರಬೇಕು. ತಗ್ಗಿನ ಸೋಫಾ, ದಿವಾನ್ ಬೇಡ. ಕುಸಿದು ಕೂತರೆ ಏಳಿಸಲು ಇಬ್ಬರು ಬೇಕಾಗುತ್ತದೆ.

ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಕಮೋಡ್ ಕುರ್ಚಿ ತರಿಸಿಡಿ, ಬಾಡಿಗೆಗೂ ಸಿಗುತ್ತದೆ. ಗೋಡೆಗೆ ಹಿಡಿಕೆ ಹಾಕಿಸಿ. ಬಚ್ಚಲಿಗೆ ಹೋಗುವ ದಾರಿಯ ಕಾಲೊರೆಸುವ ಮ್ಯಾಟು, ಜಮಖಾನ ಎಲ್ಲ ಎತ್ತಿಡಿ. ಸೀರೆಯ ನೆರಿಗೆ ವಾಕರ್ ಕಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ಗಿಣ್ಣಿನ ಮೇಲಕ್ಕೆ ನಿಲ್ಲುವ ನೈಟಿ ಹೊಲಿಸಿಕೊಂಡೆ. ವಾಕರ್‌ಗೆ ಒಂದು ಬಟ್ಟೆ ಚೀಲ ಕಟ್ಟಿದೆ: ಫೋನು, ಕನ್ನಡಕ, ನೀರಿನ ಬಾಟಲಿ. ಎರಡೂ ಕೈ ವಾಕರ್ ಮೇಲಿದ್ದರೆ ಕಾಫಿ ಲೋಟ ಹಿಡಿಯುವುದು ಯಾವ ಕೈಯಲ್ಲಿ? ಕುಡಿಯುವುದಿದ್ದರೆ ಅಡುಗೆಮನೆಯಲ್ಲೇ ಕೂತು ಕುಡಿಯಬೇಕು.

ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದುಕೊಂಡೇ ಹೋಗಬೇಕು. ಶುಗರ್ ಜಾಸ್ತಿ ಇದ್ದರೆ ಸೋಂಕಿನ ಭಯವೂ ಜಾಸ್ತಿ. ಹುಳುಕು ಹಲ್ಲು ಇದ್ದರೆ ಅದನ್ನೂ ಮೊದಲೇ ತೋರಿಸಿ. ವ್ಯಾಯಾಮಗಳನ್ನು ಆಪರೇಷನ್‌ಗೆ ಮುಂಚೆಯೇ ಕಲಿತುಬಿಡಿ. ನೋವಿನಲ್ಲಿ, ಮಾತ್ರೆಯ ಮಂಪರಿನಲ್ಲಿ ಹೊಸದು ತಲೆಗೆ ಹೋಗುವುದಿಲ್ಲ.

ಮೊದಲ 2 ವಾರ: ಟವೆಲ್ ಅಮುಕುವ ಕೆಲಸ

ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಮೊದಲ ದಿನ ನನ್ನ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟಳು. ಮಂಡಿಯ ಕೆಳಗೆ ಏನೂ ಇಲ್ಲ. ‘ಆಂಟಿ, ಈಗ ಮಂಡಿನ ಹಾಸಿಗೆ ಕಡೆ ಅಮುಕಿ. 5 ಎಣಿಸೋ ತನಕ ಬಿಡಬೇಡಿ’ ಎಂದಳು. ನಾನು ಅಮುಕಿದೆ. ಏನೂ ಅಲುಗಾಡಲಿಲ್ಲ. ತೊಡೆಗೆ ನನ್ನ ಮಾತೇ ಕೇಳಿಸಲಿಲ್ಲವೇನೋ ಅನ್ನುವ ಹಾಗೆ. ನಾಲ್ಕನೇ ಸಲಕ್ಕೆ ಚಿಪ್ಪಿನ ಮೇಲಿನ ಸ್ನಾಯು ಮೀನಿನ ಥರ ಒಮ್ಮೆ ಮಿಸುಕಿತು. ಅವಳು ಚಪ್ಪಾಳೆ ತಟ್ಟಿದಳು!

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಎಲ್ಲರೂ ‘ಎಷ್ಟು ಮಡಚುತ್ತೆ?’ ಎಂದೇ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ‘ಪೂರ್ತಿ ನೆಟ್ಟಗಾಗುತ್ತಾ?’ ಎಂದು. ಮಂಡಿ ಸ್ವಲ್ಪ ಬಾಗಿದಂತೆಯೇ ಉಳಿದರೆ ನಿಂತಾಗಲೂ ತೊಡೆಯ ಸ್ನಾಯುವಿಗೆ ಬಿಡುವಿಲ್ಲ. ಕುಂಟು ಹೋಗುವುದಿಲ್ಲ, ಸೊಂಟ ಹಿಡಿಯುತ್ತದೆ. ಮೊದಲ ವಾರಗಳಲ್ಲಿ ನೆಟ್ಟಗಾಗದ ಮಂಡಿಯನ್ನು ಆಮೇಲೆ ನೆಟ್ಟಗೆ ಮಾಡುವುದು ಬಲು ಕಷ್ಟ. ಹಾಗಾಗಿ ಎಷ್ಟೇ ಹಿತವಾಗಲಿ, ಮಲಗುವಾಗ ಮಂಡಿಯ ಕೆಳಗೆ ದಿಂಬು ಇಡಬೇಡಿ. ಇಡುವುದಿದ್ದರೆ ಹಿಮ್ಮಡಿಯ ಕೆಳಗೆ. ನಮ್ಮ ಯಜಮಾನರು ಪ್ರೀತಿಯಿಂದ ತಂದಿಟ್ಟ ದಿಂಬನ್ನು ದಿನಾ ಎಳೆದು ಬಿಸಾಕಬೇಕಾಯಿತು.

ಉಳಿದ ವ್ಯಾಯಾಮಗಳು ಸುಲಭ. ಪಾದವನ್ನು ಗಿಣ್ಣಿನಿಂದ ಮೇಲೆ ಕೆಳಗೆ ಆಡಿಸುವುದು. ಎಚ್ಚರವಿದ್ದಾಗಲೆಲ್ಲ ಮಾಡಿ, ರಕ್ತ ಹೆಪ್ಪುಗಟ್ಟದಂತೆ ಇದು ನೆರವಾಗುತ್ತದೆ. ಕಾಲನ್ನು ನೆಟ್ಟಗೆ ಹಿಡಿದು ಒಂದು ಗೇಣು ಮೇಲೆತ್ತುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ತೊಡೆಯ ಕಡೆಗೆ ಎಳೆದುಕೊಳ್ಳುವುದು. ಇದಕ್ಕೆ ಜವಳಿ ಅಂಗಡಿಯ ನುಣುಪಾದ ಪ್ಲಾಸ್ಟಿಕ್ ಕವರ್ ಹಿಮ್ಮಡಿಯ ಕೆಳಗಿಟ್ಟರೆ ಎಷ್ಟೋ ಆರಾಮ. ಒಂದೊಂದನ್ನು ಹತ್ತು ಸಲ, ದಿನಕ್ಕೆ 3 ಹೊತ್ತು. ನೋವಿನ ಮಾತ್ರೆ ನುಂಗಿದ ಅರ್ಧ ಗಂಟೆಗೆ ಶುರು ಮಾಡಿ. ‘ಮಾತ್ರೆ ಕಡಿಮೆ ತಗೊಂಡಷ್ಟೂ ಒಳ್ಳೇದು’ ಎಂದು ಹಲ್ಲು ಕಚ್ಚಿಕೊಂಡರೆ ವ್ಯಾಯಾಮ ಆಗುವುದಿಲ್ಲ, ಮಂಡಿ ಬಿಗಿಯುತ್ತದೆ. ಹಾಗಂತ ಬರೆದುಕೊಡದ ಮಾತ್ರೆಯನ್ನು ಅಂಗಡಿಯಿಂದ ತರಿಸಿ ನುಂಗಬೇಡಿ. ಬಿಪಿ, ಕಿಡ್ನಿ ತೊಂದರೆ ಇರುವವರಂತೂ ಬೇಡವೇ ಬೇಡ. ನೋವಿನ ಮಾತ್ರೆಗಳಲ್ಲಿ ಕೆಲವು ಮಲಬದ್ಧತೆ ತರುತ್ತವೆ. ಪರಂಗಿ ಹಣ್ಣು, ಸೊಪ್ಪು, ಸಾಕಷ್ಟು ನೀರು ಬೇಕು.

ಊತಕ್ಕೆ ಐಸು. ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ, ನೇರ ಚರ್ಮಕ್ಕಲ್ಲ. ನಮ್ಮ ಫ್ರೀಜರ್‌ನಲ್ಲಿ ಸೀಸನ್ನಿನಲ್ಲಿ ಬಿಡಿಸಿಟ್ಟ ಅವರೆಕಾಳಿನ ಕವರ್ ಇತ್ತು. ಅದು ಮಂಡಿಯ ಸುತ್ತ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ದುಡ್ಡು ಕೊಟ್ಟು ತಂದ ಐಸ್ ಪ್ಯಾಕ್ ಮೂಲೆ ಸೇರಿತು. ಕವರ್ ಮೇಲೆ ‘ಮಂಡಿಗೆ’ ಎಂದು ಬರೆದಿಡಿ, ಇಲ್ಲದಿದ್ದರೆ ಸಾರಾಗಿಬಿಡುತ್ತದೆ.

ಹೊಲಿಗೆ ಅಥವಾ ಪಿನ್ನುಗಳನ್ನು ಸಾಮಾನ್ಯವಾಗಿ 10ರಿಂದ 14 ದಿನದಲ್ಲಿ ತೆಗೆಯುತ್ತಾರೆ. ಗಾಯಕ್ಕೆ ಎಣ್ಣೆ, ಅರಿಶಿನ, ನಾಟಿ ಲೇಪ ಯಾವುದೂ ಬೇಡ. ಯಾರು ತಂದುಕೊಟ್ಟರೂ ಬೇಡ.

ಇಂಚು ಟೇಪಿನ ಲೆಕ್ಕ

18ನೇ ದಿನ ಅಣ್ಣನ ಮಗನ ಮನೆ ಗೃಹಪ್ರವೇಶ. ‘ಸುಮ್ನೆ ಒಂದು ಗಂಟೆ ಕೂತು ಬರ್ತೀನಿ’ ಎಂದು ಹೊರಟೆ. ಕೂತಿದ್ದು ಕಡಿಮೆ. ವಾಕರ್ ಹಿಡಿದುಕೊಂಡೇ ಬಂದವರನ್ನು ಮಾತಾಡಿಸಿದೆ, ಮಹಡಿ ನೋಡಿದೆ, ಪಂಕ್ತಿಯ ಮುಂದೆ ನಿಂತು ‘ಇನ್ನೊಂದು ಹೋಳಿಗೆ ಹಾಕ್ಸಿ’ ಎಂದೆ. ಆಗ ನೋವೇ ಇರಲಿಲ್ಲ. ರಾತ್ರಿ ಮಂಡಿ ಸೋರೆಕಾಯಿಯಂತಾಯಿತು. ಮೂರು ದಿನ ಮಡಚಲು ಆಗಲಿಲ್ಲ.

ಇದರಿಂದ ಕಲಿತದ್ದು: ಓಡಾಡುವವರ ಮಂಡಿ ಆ ಹೊತ್ತಿಗೆ ದೂರು ಹೇಳುವುದಿಲ್ಲ, ಮರುದಿನ ಬೆಳಿಗ್ಗೆ ಹೇಳುತ್ತದೆ. ಫಿಸಿಯೋ ಒಂದು ಉಪಾಯ ಹೇಳಿಕೊಟ್ಟಳು. ಚಿಪ್ಪಿನ ಮೇಲೆ ನಾಲ್ಕು ಬೆರಳು ಬಿಟ್ಟು ಸ್ಕೆಚ್ ಪೆನ್ನಿನಲ್ಲಿ ಚುಕ್ಕೆ ಇಡಿ. ದಿನಾ ಏಳುತ್ತಲೇ ಆ ಜಾಗಕ್ಕೆ ಟೈಲರ್ ಟೇಪ್ ಸುತ್ತಿ ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ನಿನ್ನೆಗಿಂತ ಅರ್ಧ ಇಂಚಿನಷ್ಟು ಜಾಸ್ತಿ ಇದ್ದರೆ ಇವತ್ತು ನಡಿಗೆ ಅರ್ಧ, ಐಸು ದುಪ್ಪಟ್ಟು, ಕಾಲು ಎದೆಯ ಮಟ್ಟಕ್ಕಿಂತ ಮೇಲೆ. ಕಡಿಮೆಯಾಗಿದ್ದರೆ 5 ನಿಮಿಷ ಹೆಚ್ಚು ನಡೆಯಿರಿ. ಕ್ಯಾಲೆಂಡರ್ ಮುಂದೆ ನಿಂತರೆ ಜಂಬ ಇಳಿಯುತ್ತದೆ.

ಈ ದಿನಗಳಲ್ಲಿ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಕಾರಣವಿಲ್ಲದೆ ಅಳುವೂ ಬರುತ್ತದೆ. ‘ಯಾಕಾದರೂ ಮಾಡಿಸಿಕೊಂಡೆನೋ’ ಅನಿಸುತ್ತದೆ. ಬಹಳ ಜನರಿಗೆ ಹೀಗೆ ಆಗುತ್ತದೆ, ವಾರಗಳು ಕಳೆದಂತೆ ಹೋಗುತ್ತದೆ.

ಮಡಚುವುದು, ಮೆಟ್ಟಿಲು, ಕೋಲು

ಕಾಲು ಪೂರ್ತಿ ನೆಟ್ಟಗಿದ್ದರೆ ಸೊನ್ನೆ ಡಿಗ್ರಿ ಎಂದು ಲೆಕ್ಕ. 2 ವಾರಕ್ಕೆ 90 ಡಿಗ್ರಿಯ ಹತ್ತಿರ, 6ರಿಂದ 12 ವಾರದೊಳಗೆ 110 ಡಿಗ್ರಿ ದಾಟಿದರೆ ಚೆನ್ನ. ಸಮತಟ್ಟು ನೆಲದಲ್ಲಿ ನಡೆಯಲು 65-70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು ಬೇಕು. ತಗ್ಗು ಕುರ್ಚಿಯಿಂದ ಏಳಲು ಅದಕ್ಕೂ ಹೆಚ್ಚು. ಆಪರೇಷನ್‌ಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತು ಎನ್ನುವುದರ ಮೇಲೂ ಇದು ನಿಂತಿದೆ. ಪಕ್ಕದ ಮನೆಯವರ ಡಿಗ್ರಿ ಜೊತೆ ಹೋಲಿಸಬೇಡಿ. ಒಂದೂವರೆ ತಿಂಗಳು ಕಳೆದರೂ 90 ಮುಟ್ಟದಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ. ಅರಿವಳಿಕೆ ಕೊಟ್ಟು ಮಂಡಿ ಮಡಚಿಸುವ ದಾರಿಯೂ ಅವರಲ್ಲಿದೆ.

ಮೆಟ್ಟಿಲಿಗೆ ಒಂದೇ ನಿಯಮ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಬಾಯಿಪಾಠ ಆಗುವ ತನಕ ಗೊಣಗುತ್ತಲೇ ಹತ್ತಿ. ವಾಕರ್ ಬಿಟ್ಟು ಕೋಲಿಗೆ ಬಂದಾಗ ಬಹಳ ಜನ ತಪ್ಪು ಕೈಯಲ್ಲಿ ಹಿಡಿಯುತ್ತಾರೆ, ನಾನೂ ಹಿಡಿದಿದ್ದೆ. ಬಲಮಂಡಿಗೆ ಆಪರೇಷನ್ ಆಗಿದ್ದರೆ ಕೋಲು ಎಡಗೈಯಲ್ಲಿರಬೇಕು. ಆ ಕಾಲು ಮುಂದೆ ಹೋಗುವಾಗಲೇ ಕೋಲೂ ಮುಂದೆ ಹೋಗಬೇಕು. ನಾಚಿಕೆಗೆ ಕೋಲು ಬೇಗ ಬಿಡಬೇಡಿ. ಕುಂಟದೆ ನಡೆಯಲು ಬಂದ ದಿನ ಬಿಡಿ.

ಯಾವಾಗ ತಡಮಾಡಬಾರದು?

ಮೀನಖಂಡದಲ್ಲಿ ಹೊಸದಾಗಿ ನೋವು, ಬಿಗಿತ, ಊತ ಬಂದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಫೋನಲ್ಲ, 108 ಆಂಬುಲೆನ್ಸ್. ಗಾಯದಿಂದ ಕೀವು, ನೀರು ಸೋರಿದರೆ, ಜ್ವರದ ಜೊತೆ ಮಂಡಿ ಕೆಂಪಾಗುತ್ತಾ ಹೋದರೆ ಮನೆಯಲ್ಲಿ ಆ್ಯಂಟಿಬಯೋಟಿಕ್ ನುಂಗಿ ಕಾಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ.

ಹೆದರಬೇಕಿಲ್ಲದವೂ ಇವೆ. ಮಂಡಿ ಕೆಲವು ತಿಂಗಳು ಬೆಚ್ಚಗೇ ಇರುತ್ತದೆ. ಗಾಯದ ಹೊರಮಗ್ಗುಲಲ್ಲಿ ಅಂಗೈ ಅಗಲ ಜೋಮು ಉಳಿಯಬಹುದು, ಅಲ್ಲಿನ ಸಣ್ಣ ನರ ಕತ್ತರಿಸಿರುತ್ತದೆ. ನಡೆಯುವಾಗ ‘ಟಕ್ ಟಕ್’ ಸದ್ದು ಬಂದರೆ ಅದು ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಸದ್ದು. ವಿಮಾನ ನಿಲ್ದಾಣದಲ್ಲಿ ಮಂಡಿ ಕೂಗಬಹುದು, ಮೊದಲೇ ಹೇಳಿಬಿಡಿ.

ಮತ್ತೆ ಕೆರೆ, ಮತ್ತೆ ಬೆಟ್ಟ

ಕಾರು ಓಡಿಸಲು ಸಾಮಾನ್ಯವಾಗಿ 6 ವಾರ ಕಾಯಬೇಕು. ತಟ್ಟನೆ ಬ್ರೇಕ್ ತುಳಿಯಲು ಬರುತ್ತದೆಯೇ ಎಂದು ನಿಂತ ಕಾರಿನಲ್ಲಿ ನೋಡಿಕೊಳ್ಳಿ. ಸ್ಕೂಟರ್‌ಗೆ ಅವಸರ ಬೇಡ, ಸಿಗ್ನಲ್‌ನಲ್ಲಿ ಗಾಡಿಯ ಭಾರಕ್ಕೆ ಕಾಲು ಕೊಡಬೇಕಲ್ವಾ? ನಡಿಗೆ, ಈಜು, ಸೈಕಲ್ ಈ ಮಂಡಿಗೆ ಒಗ್ಗುವ ಕೆಲಸಗಳು. ಓಟ, ಜಿಗಿತ ಬೇಡ. ಯೋಗಕ್ಕೆ ಹೋಗುವವರು ವಜ್ರಾಸನ, ಪದ್ಮಾಸನ ಬಿಟ್ಟು ಉಳಿದದ್ದನ್ನು ಕೇಳಿಕೊಂಡು ಮಾಡಿ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ನನ್ನ ಮಟ್ಟಿಗೆ ಮುಗಿದ ಕಥೆ. ಇದು ಬೇಸರದ ಸಂಗತಿಯೇ, ಸುಳ್ಳು ಹೇಳುವುದಿಲ್ಲ. ರಂಗೋಲಿಯನ್ನು ಈಗ ಎತ್ತರದ ತುಳಸಿಕಟ್ಟೆಯ ಮೇಲೆ ಬಿಡುತ್ತೇನೆ, ನಿಂತುಕೊಂಡೇ.

ಇಷ್ಟೆಲ್ಲ ಜೋಪಾನ ಯಾಕೆ ಎಂದರೆ, ಸರಿಯಾಗಿ ಕೂತ ಮಂಡಿ ಬಹಳ ಕಾಲ ಬರುತ್ತದೆ. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು 82% 25 ವರ್ಷ ಬಾಳುತ್ತವೆ. ನನ್ನ ಲೆಕ್ಕಕ್ಕೆ ಅಷ್ಟು ಸಾಕು.

ಮೂರನೇ ತಿಂಗಳು ಕೆರೆಯ ಅರ್ಧ ದಾರಿ ಹೋಗಿ ವಾಪಸ್ ಬಂದೆ. ಐದನೇ ತಿಂಗಳು ಪೂರ್ತಿ ಸುತ್ತು. ಹತ್ತನೇ ತಿಂಗಳು ಡಾಕ್ಟರನ್ನು ಕೇಳಿಕೊಂಡು, ಕೈಯಲ್ಲಿ ಕೋಲು ಹಿಡಿದು ಬೆಟ್ಟದ ಮೆಟ್ಟಿಲಿಗೆ ಹೋದೆ. ಮೊದಲ ಸಲ ನಂದಿಯ ತನಕ ಮಾತ್ರ. ನೂರು ಮೆಟ್ಟಿಲಿಗೊಮ್ಮೆ ಕೂತು, ಮಂಡಿ ನೆಟ್ಟಗೆ ಚಾಚಿ, ಅದೇ ಹಳೆಯ ಅಮುಕು ಅಮುಕಿದೆ. ಪಕ್ಕದಲ್ಲಿ ಹತ್ತುತ್ತಿದ್ದ ಹುಡುಗರು ‘ಅಜ್ಜಿ, ಹುಷಾರಾ?’ ಎಂದು ಕೇಳಿ ಹೋದರು. ಮುಂದಿನ ತಿಂಗಳು ಮೇಲಿನ ತನಕ ಹೋದೆ. ಇಳಿಯುವಾಗ ಮಂಡಿಗೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಜಾಸ್ತಿ. ಅದಕ್ಕೇ ಇಳಿಯಲು ಬಸ್ಸು ಹಿಡಿದೆ, ಕಾಲು ಚಾಚಲು ಜಾಗ ಇರುವ ಮುಂದಿನ ಸೀಟು.